ಒಸಡು ಮುಚ್ಚುವವರೆಗೆ

ಎದೆ ತೆರೆಯುವ ಮೊದಲು ಬಾಯಿ ಸರಿಯಾಗಬೇಕು ಎಂದು ಹೃದಯದ ಡಾಕ್ಟರು ಹೇಳಿದರು. ಟಿನ್ ಫ್ಯಾಕ್ಟರಿ ದಾಟಿ ಸ್ವಲ್ಪ ದೂರದಲ್ಲಿರುವ ಆಸ್ಪತ್ರೆ ಅದು. ಅಕ್ಕ ಮತ್ತು ನಾನು ಅವರ ಮೇಜಿನ ಎದುರು ಕೂತಿದ್ದೆವು. ಅಕ್ಕನ ಹೃದಯದ ಒಂದು ಕವಾಟ, ಚಿಕ್ಕಂದಿನಲ್ಲಿ ಕೀಲುನೋವಿನ ಜೊತೆಗೆ ಬಂದ ಜ್ವರದಿಂದ ಹಾಳಾಗಿತ್ತು. ಇಷ್ಟು ವರ್ಷ ರಕ್ತ ತೆಳು ಮಾಡುವುದೂ ಸೇರಿ ಹಲವು ಮಾತ್ರೆಗಳ ಮೇಲೆ ಹೇಗೋ ನಡೆದಿತ್ತು. ಇನ್ನು ನಡೆಯುವುದಿಲ್ಲ, ಹೊಸ ಕವಾಟ ಹಾಕಲೇಬೇಕು ಎಂದು ತೀರ್ಮಾನವಾಗಿತ್ತು. ದಿನ ಗೊತ್ತುಮಾಡುವ ಮುಂಚೆ ಡಾಕ್ಟರು ಟಾರ್ಚ್ ಹಾಕಿ ಅವಳ ಬಾಯಿ ನೋಡಿದರು. ಕೆಳದವಡೆಯ ಎಡಗಡೆ ಎರಡು ಹಲ್ಲು ಬುಡದವರೆಗೆ ಹುಳುಕಾಗಿದ್ದವು. ಒಸಡು ಊದಿತ್ತು.

"ಈ ಕೀವು ರಕ್ತದಲ್ಲಿ ಹೋಗಿ ಹೊಸ ವಾಲ್ವ್ ಮೇಲೆ ಕೂತ್ರೆ ನಾವು ಮಾಡಿದ್ದೆಲ್ಲ ವ್ಯರ್ಥ," ಎಂದರು. "ಹಲ್ಲು ತೆಗೆಸಿ. ಒಸಡು ಮುಚ್ಚಿದ ಮೇಲೆ ನಂಗೆ ತಿಳಿಸಿ, ಅವತ್ತೇ ಡೇಟ್ ಕೊಡ್ತೀನಿ. ಬಹಳ ದಿನ ತಳ್ಳೋ ಹಾಗಿಲ್ಲ."

"ಗಾಯ ಬೇಗ ವಾಸಿ ಆಗ್ದೇ ಇದ್ರೆ?" ಎಂದು ಅಕ್ಕ ಕೇಳಿದಳು.

"ಆಗುತ್ತೆ."

ಹಲಸೂರಿಗೆ ವಾಪಸು ಬರುವಾಗ ಮೆಟ್ರೋದಲ್ಲಿ ಅವಳು ಹಗುರವಾಗಿದ್ದಳು. ಬೆಳಿಗ್ಗೆ ಹೋಗುವಾಗ ಬಾಯಿ ಬಿಟ್ಟಿರಲಿಲ್ಲ. ಈಗ ಕಿಟಕಿಯಾಚೆ ಕಾಣುವ ಕಟ್ಟಡಗಳಲ್ಲಿ ಯಾವುದು ಹೊಸದು ಎಂದೆಲ್ಲ ಹೇಳತೊಡಗಿದಳು. "ಸದ್ಯ, ಮೊದ್ಲು ಹಲ್ಲು," ಎಂದಳು. ನಾನು ಅದನ್ನು ಧೈರ್ಯವೆಂದು ತಿಳಿದುಕೊಂಡೆ.

ನಾವಿಬ್ಬರೇ ಇರುವ ಮನೆ ನಮ್ಮದು. ಅಕ್ಕ ವಿಮಾ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು, ಮದುವೆಯಾಗಲಿಲ್ಲ. ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಬೇರೆಯವರು ಬರೆದ ಸುದ್ದಿಯನ್ನು ತಿದ್ದುವವಳು. ಅಮ್ಮ ಹೋದ ಮೇಲೆ ಅಮ್ಮನ ನೇಮಗಳೆಲ್ಲ ಅಕ್ಕನಿಗೆ ಬಂದವು, ನನಗೆ ಬರಲಿಲ್ಲ. ಅದರಲ್ಲಿ ಒಂದನ್ನು ಇಲ್ಲಿ ಹೇಳಬೇಕು. ಏನೇ ತಿನ್ನಲಿ, ಕುಡಿಯಲಿ, ಅದರ ಬೆನ್ನಿಗೇ ಬಾಯಿ ಮುಕ್ಕಳಿಸಬೇಕು. ಮುಕ್ಕಳಿಸದ ಬಾಯಿ ಎಂಜಲು ಬಾಯಿ. ಆ ಬಾಯಲ್ಲಿ ಒಲೆ ಮುಟ್ಟುವಂತಿಲ್ಲ, ದೇವರ ಮುಂದೆ ನಿಲ್ಲುವಂತಿಲ್ಲ. ಕಚೇರಿಯಲ್ಲಿದ್ದಾಗಲೂ ಒಂದು ಲೋಟ ಕಾಫಿ ಕುಡಿದರೆ ಅವಳು ನಲ್ಲಿಯ ಹತ್ತಿರ ಎದ್ದು ಹೋಗುತ್ತಿದ್ದಳಂತೆ. "ಮೇಡಂ ನಲ್ಲಿ ಹತ್ರ ಹೊರಟ್ರು ಅಂದ್ರೆ ಕಾಫಿ ಬ್ರೇಕ್ ಮುಗೀತು ಅಂತ ಲೆಕ್ಕ" ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರು.

ಹಲ್ಲಿನ ಡಾಕ್ಟರ ಬಗ್ಗೆ ತಿಳಿಸಿದ್ದು ನಮ್ಮ ಡೆಸ್ಕಿನ ಸಹೋದ್ಯೋಗಿ. ಫ್ರೇಜರ್ ಟೌನಿನವಳು. "ನಮ್ಮ ಅಮ್ಮೀಗೂ ರಕ್ತ ತೆಳು ಮಾಡೋ ಮಾತ್ರೆ ಇತ್ತು. ಅವ್ರೇ ತೆಗ್ದಿದ್ದು. ಮಾತು ಜಾಸ್ತಿ, ಕೈ ಚೆನ್ನಾಗಿದೆ," ಎಂದಳು. ಕ್ಲಿನಿಕ್ ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲೆ. ಮೆಟ್ಟಿಲು ಹತ್ತುವಾಗ ಅಕ್ಕ ಎರಡು ಕಡೆ ನಿಂತು ಉಸಿರು ತೆಗೆದುಕೊಂಡಳು.

ಡಾಕ್ಟರಿಗೆ ಐವತ್ತು ದಾಟಿರಬಹುದು. ಗಡ್ಡ ನರೆತಿತ್ತು. ಅಕ್ಕನ ಮಾತ್ರೆಗಳ ಹಾಳೆ ಮಗ್ಗುಲಿಗಿಟ್ಟು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತಾಗುತ್ತದೆ ಎಂಬ ಪರೀಕ್ಷೆಯ ಫಲಿತಾಂಶ ನೋಡಿ, ಹೃದಯದ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಿದರು. ಮಾತ್ರೆ ನಿಲ್ಲಿಸುವುದು ಬೇಡ, ನಿಲ್ಲಿಸಿದರೆ ಅಪಾಯವೇ ಹೆಚ್ಚು. ಗಾಯವನ್ನೇ ಗಟ್ಟಿಯಾಗಿ ಕಟ್ಟಬೇಕು ಎಂದು ಇಬ್ಬರೂ ಒಪ್ಪಿದರು. "ಇಂಥವ್ರ ಹಲ್ಲು ನಾನು ಬೆಳಿಗ್ಗೆನೇ ತೆಗಿಯೋದು," ಎಂದು ನಮಗೆ ಹೇಳಿದರು. "ಏನಾದ್ರೂ ಆದ್ರೆ ಸಂಜೆವರ್ಗೂ ನಾನಿಲ್ಲೇ ಇರ್ತೀನಿ. ಸಂಜೆ ತೆಗ್ದು ಮನೆಗೆ ಕಳ್ಸಿದ್ರೆ ಇಬ್ರಿಗೂ ನಿದ್ದೆ ಇರಲ್ಲ."

ಹಲ್ಲು ತೆಗೆಯುವ ದಿನ ಅವರು ಟ್ರೇಯಲ್ಲಿ ಸಣ್ಣ ಪೊಟ್ಟಣಗಳನ್ನು ಸಾಲಾಗಿ ಇಟ್ಟುಕೊಂಡಿದ್ದರು. ಪಕ್ಕದಲ್ಲಿ ಅವರ ನರ್ಸ್, ಹಲಸೂರಿನವಳೇ, ತಮಿಳು ಮನೆಮಾತಿನ ಗಟ್ಟಿ ಹೆಂಗಸು.

"ಅಮ್ಮಾ, ನಾನು ಎಲ್ಲಾರ್ನೂ ಒಂದು ಮಾತು ಕೇಳ್ತೀನಿ," ಎಂದರು ಡಾಕ್ಟರು. "ನೀವು ಸಸ್ಯಾಹಾರಿಗಳಾ?"

"ಹೌದು. ಹಲ್ಲು ಕೀಳೋಕೂ ಅದಕ್ಕೂ ಏನು ಸಂಬಂಧ?"

"ಕೀಳೋಕೆ ಇಲ್ಲ. ಹೊಲಿಯೋಕೆ ಇದೆ. ಈ ದಾರ ಕರುಳಿಂದ ಮಾಡೋದು. ಕುರಿದೋ, ದನದ್ದೋ. ಹೊಲಿದ್ರೆ ಬಾಯೊಳಗೆ ತಾನಾಗೇ ಕರಗುತ್ತೆ."

ಅಕ್ಕ ಕುರ್ಚಿಯಲ್ಲಿ ಹಿಂದಕ್ಕೆ ಸರಿದಳು.

"ಅಕ್ಕಾ, ಪ್ಯಾಕೆಟ್ ಒಳಗಿದೆ, ಎದ್ದು ಬರಲ್ಲ," ಎಂದಳು ನರ್ಸ್.

ಡಾಕ್ಟರು ಆ ಪೊಟ್ಟಣವನ್ನು ಟ್ರೇಯಿಂದ ತೆಗೆದೇ ಬಿಟ್ಟರು. ಇನ್ನೊಂದನ್ನು ತೋರಿಸಿದರು. "ಇದು ಫ್ಯಾಕ್ಟರಿ ದಾರ. ಪ್ರಾಣಿದಲ್ಲ. ಇದೂ ಕರಗುತ್ತೆ, ಸ್ವಲ್ಪ ನಿಧಾನ. ನನ್ನ ಕೇಳಿದ್ರೆ ನಿಮಗೆ ಇದೇ ಸರಿ. ಇದು ರೇಷ್ಮೆ. ಮೆತ್ತಗಿರುತ್ತೆ, ಗಂಟು ಚೆನ್ನಾಗಿ ಕೂರುತ್ತೆ. ಆದ್ರೆ ಕರಗಲ್ಲ, ವಾರ ಬಿಟ್ಟು ಬಂದು ತೆಗೆಸ್ಕೋಬೇಕು. ಅಲ್ಲೀವರ್ಗೂ ಕೊಳೆ ಹಿಡ್ಕೊಳುತ್ತೆ."

"ರೇಷ್ಮೆ ಆಗ್ಬೋದು," ಎಂದಳು ಅಕ್ಕ. "ರೇಷ್ಮೆ ಮಡಿ."

"ಹುಳ ಬೇಯಿಸಿ ತೆಗ್ದಿದ್ದಲ್ವಾ ಅಮ್ಮಾ ಅದು?"

"ಅದು ನಂಗೂ ಗೊತ್ತು. ನಮ್ಮಮ್ಮ ಅದನ್ನೇ ಉಟ್ಕೊಂಡು ಪೂಜೆ ಮಾಡ್ತಿದ್ರು. ಅದರ ಮೇಲೆ ನಾನೇನು ಹೇಳ್ಲಿ."

ಡಾಕ್ಟರು ನಕ್ಕರು. "ಬಿಡಿ, ನಂದೂ ಒಂದಿದೆ. ಹಲ್ಲು ಕಿತ್ತ ಗುಳಿಯೊಳಗೆ ಇಡೋ ಸ್ಪಂಜು ಬರುತ್ತೆ, ರಕ್ತ ನಿಲ್ಲೋಕೆ. ಕೆಲವು ಹಂದಿ ಚರ್ಮದ್ದು. ಅದನ್ನ ನಾನು ತರ್ಸೋದೇ ಇಲ್ಲ. ಹತ್ತಿಯಿಂದ ಮಾಡಿದ್ದು ತರ್ಸ್ತೀನಿ. ನಿಮಗೂ ನಡಿಯುತ್ತೆ, ನಂಗೂ ನಡಿಯುತ್ತೆ."

ಅಂಟು ಹಾಕಿ ಗಾಯ ಮುಚ್ಚುವುದೂ ಉಂಟಂತಲ್ಲ ಎಂದು ನಾನು ಕೇಳಿದೆ. ಎಲ್ಲೋ ತಿದ್ದಿದ ಸುದ್ದಿಯೊಂದರ ನೆನಪು.

"ಇದೆಯಲ್ಲ. ಚರ್ಮಕ್ಕೆ ಚೆನ್ನಾಗಿದೆ, ಬಾಯಲ್ಲೂ ಹಾಕೋರಿದ್ದಾರೆ. ಆದ್ರೆ ಬಾಯಿ ಯಾವಾಗ್ಲೂ ಒದ್ದೆ, ಯಾವಾಗ್ಲೂ ಅಲ್ಲಾಡ್ತಿರುತ್ತೆ. ಇವ್ರ ರಕ್ತಕ್ಕೆ ನಾನು ಅಂಟು ನಂಬ್ಕೊಂಡು ಕೂರಲ್ಲ."

ನಾನು ಹೊರಗೆ ಹೋಗಲಿಲ್ಲ. ಹೋಗಿ ಎಂದು ಅವರೂ ಹೇಳಲಿಲ್ಲ. ಮರಗಟ್ಟಿಸುವ ಸೂಜಿ ಚುಚ್ಚಿದಾಗ ಅಕ್ಕನ ಕಾಲ್ಬೆರಳು ಮಡಿಚಿಕೊಂಡವು. ಆಮೇಲೆ ನೋವಿನ ಗುರುತು ಏನೂ ಕಾಣಲಿಲ್ಲ. ಹಲ್ಲನ್ನು ಎಳೆಯುತ್ತಾರೆ ಎಂದು ನಾನು ಭಾವಿಸಿದ್ದೆ. ಅವರು ಎಳೆಯಲಿಲ್ಲ, ಇಕ್ಕಳದಲ್ಲಿ ಹಿಡಿದು ಒಳಕ್ಕೂ ಹೊರಕ್ಕೂ ನಿಧಾನವಾಗಿ ಅಲುಗಾಡಿಸಿ ಜಾಗ ಸಡಿಲ ಮಾಡಿದರು. ಎರಡೂ ಹಲ್ಲು ಸದ್ದಿಲ್ಲದೆ ಬಂದವು. ಬೇರಿನ ತುದಿಗೆ ಕೀವಿನ ಚೀಲ ಅಂಟಿಕೊಂಡಿತ್ತು. ಗುಳಿಯನ್ನು ಕೆರೆದು ಶುಚಿಮಾಡಿ, ಹತ್ತಿಯ ಆ ಜಾಲರಿಯ ಚೂರನ್ನು ಒಳಗಿಟ್ಟರು. ಅದು ರಕ್ತ ಹೀರಿ ಕಪ್ಪಾಗಿ ಉಬ್ಬಿತು. ಬಾಗಿದ ಸೂಜಿಯಲ್ಲಿ ಕರಿಯ ರೇಷ್ಮೆ ಎಳೆ. ಒಸಡಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಮತ್ತೆ ಅಡ್ಡಲಾಗಿ ದಾಟಿಸಿ, ಗುಳಿಯ ಬಾಯಿಯ ಮೇಲೆ ದಾರ ಕತ್ತರಿಯ ಆಕಾರದಲ್ಲಿ ಬರುವಂತೆ ಗಂಟು ಹಾಕಿದರು. ಅಂಚುಗಳು ಹತ್ತಿರ ಬಂದವು, ಆದರೆ ಪೂರ್ತಿ ಕೂಡಲಿಲ್ಲ. ನಡುವೆ ಕೆಂಪು ಕಾಣುತ್ತಿತ್ತು.

"ಇನ್ನೂ ತೆರೆದೇ ಇದೆಯಲ್ಲ ಡಾಕ್ಟ್ರೇ," ಎಂದೆ.

"ದಾರ ಮುಚ್ಚಲ್ಲ ಮೇಡಂ. ದಾರ ಬರೀ ಹಿಡ್ಕೊಂಡಿರುತ್ತೆ. ಮುಚ್ಚೋದು ಒಳಗಿರೋ ಹೆಪ್ಪು. ಅದು ಕದಲ್ದೆ ಕೂತ್ರೆ ಅದರ ಮೇಲೇ ಒಸಡು ಬೆಳ್ಕೊಂಡು ಬರುತ್ತೆ. ಕದಲಿದ್ರೆ ನನ್ನ ಹೊಲಿಗೆ ಬರೀ ಬಟ್ಟೆ ಹೊಲಿಗೆ."

ರಕ್ತ ನಿಲ್ಲಿಸುವ ಔಷಧಿಯಲ್ಲಿ ಅದ್ದಿದ ಬಟ್ಟೆ ಮಡಿಸಿ ಇಟ್ಟು ಕಚ್ಚಿಸಿದರು. ನಾಳೆ ಬೆಳಗಿನವರೆಗೆ ಬಿಸಿ ಬೇಡ, ಸ್ಟ್ರಾ ಬೇಡ, ಉಗುಳಬಾರದು, ಮುಕ್ಕಳಿಸಬಾರದು, ತಣ್ಣಗಿನ ಮೆತ್ತನೆ ಅನ್ನ ಮಾತ್ರ ಎಂದು ಹೇಳಿದರು. ನರ್ಸ್ ಅದನ್ನೇ ಇನ್ನೊಮ್ಮೆ ಹೇಳಿದಳು. ಅಕ್ಕ ಎರಡು ಸಲವೂ ತಲೆ ಆಡಿಸಿದಳು.

ಮಧ್ಯಾಹ್ನ ರಕ್ತ ನಿಂತಿತ್ತು. ನಾನು ರಜೆ ಹಾಕಿದ್ದೆ. ಸಂಜೆ ಮೊಸರನ್ನ ಮಿಕ್ಸಿಗೆ ಹಾಕಿ ಕೊಟ್ಟೆ, ಒಂದು ಕಡೆಯಿಂದ ಚಮಚದಲ್ಲಿ ತಿಂದಳು. ಆಮೇಲೆ ದೀಪ ಹಚ್ಚುವ ಹೊತ್ತು. ನಾನು ತಟ್ಟೆ ತೊಳೆಯುತ್ತಿದ್ದೆ. ಬಚ್ಚಲಿನಲ್ಲಿ ನೀರಿನ ಸದ್ದು ಕೇಳಿತು. ಅಕ್ಕ ಯಾವಾಗಲೂ ಮಾಡುವಂತೆ ಕೆನ್ನೆ ಉಬ್ಬಿಸಿ ಗಳಗಳ ಮಾಡಿ ರಭಸದಿಂದ ಉಗುಳುವ ಸದ್ದು, ಒಂದಾದ ಮೇಲೆ ಒಂದು. ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಬಿಳಿಯ ಬೇಸಿನ್ನಿನಲ್ಲಿ ಕಪ್ಪುಗೆಂಪಾದ ಹೆಪ್ಪಿನ ಒಂದು ಗಟ್ಟಿ ಮುದ್ದೆ ಬಿದ್ದಿತ್ತು. ಅದರ ಹಿಂದೆ ಹೊಸ ರಕ್ತ ಬರುತ್ತಿತ್ತು.

"ದೇವರ ಮುಂದೆ ಹೇಗೆ ಹೋಗ್ಲೇ, ಊಟ ಮಾಡಿದ ಬಾಯಲ್ಲಿ," ಎಂದಳು. ಮಾತಿನ ಜೊತೆ ರಕ್ತ ಗದ್ದಕ್ಕೆ ಇಳಿಯಿತು.

ಬಟ್ಟೆ ಮಡಿಸಿ ಕಚ್ಚಿಸಿದೆ. ಅದು ಒದ್ದೆಯಾಯಿತು. ಇನ್ನೊಂದು. ಆಟೋ ಹಿಡಿದು ಹೊರಟೆವು. ಕೆರೆಯ ಪಕ್ಕದ ರಸ್ತೆ ತುಂಬಿಹೋಗಿತ್ತು. ಅಕ್ಕ ಟವೆಲಿನಿಂದ ಬಾಯಿ ಮುಚ್ಚಿಕೊಂಡು ನೇರ ಕೂತಿದ್ದಳು. ಆಟೋದವನು ಕನ್ನಡಿಯಲ್ಲಿ ನೋಡಿ, "ಏನಾಯ್ತಮ್ಮ?" ಎಂದ. ಹಲ್ಲು ಎಂದೆ. "ಹಲ್ಲಿಗೆ ಇಷ್ಟೊಂದಾ?" ಎಂದವನು ಗಲ್ಲಿ ಗಲ್ಲಿ ಬಳಸಿ ಬಸ್ ನಿಲ್ದಾಣದ ಹಿಂದಕ್ಕೇ ತಂದು ಬಿಟ್ಟ. ಮೆಟ್ಟಿಲುಗಳನ್ನು ಅಕ್ಕ ಈ ಸಲ ನಿಲ್ಲದೆ ಹತ್ತಿದಳು. ಮೇಲೆ ಬಂದಾಗ ತುಟಿ ನೀಲಿಗಟ್ಟಿತ್ತು.

ಡಾಕ್ಟರು ಕಾಯುತ್ತಿದ್ದವರನ್ನು ಬಿಟ್ಟು ಅವಳನ್ನು ಕೂರಿಸಿದರು. ಬಾಯಿ ತೆರೆದು ನೋಡಿದರು. "ಏನು ಮಾಡಿದ್ರಿ ಅಮ್ಮಾ?"

"ಮುಕ್ಕಳಿಸ್ದೆ."

"ಬೇಡ ಅಂದಿದ್ನಲ್ಲ."

"ನೀವು ಹೇಳಿದ್ದು ಔಷಧಿ ಹಾಕಿ ಮುಕ್ಕಳಿಸೋದು ಅಂದ್ಕೊಂಡೆ. ಇದು ಊಟ ಆದ್ಮೇಲಿಂದು."

ನನಗೆ ಸಿಟ್ಟು ಬಂತು. ಅವರಿಗೆ ಬರಲಿಲ್ಲ. ಗುಳಿಯಲ್ಲಿ ಉಳಿದ ಚೂರುಗಳನ್ನು ತೆಗೆಯುತ್ತಲೇ ಮಾತಾಡಿದರು. "ನಮ್ಮವ್ರೂ ಇದೇ ಕೇಳ್ತಾರೆ. ನಮಾಜಿಗೆ ಮುಂಚೆ ವುಜೂ ಮಾಡ್ಬೇಕಲ್ಲ, ಬಾಯಿಗೆ ನೀರು ತಗೊಂಡು ಕುಲ್ಲಿ ಮಾಡ್ಬೇಕು. ಬೇಡ ಅಂದ್ರೆ ನನ್ನ ಮುಂದೆ ಹ್ಞೂಂ ಅಂತಾರೆ, ಮಸೀದಿಗೆ ಹೋಗಿ ಗಳಗಳ ಮಾಡ್ತಾರೆ. ನಮ್ಮ ಅಬ್ಬಾನೂ ಹಾಗೇ ಮಾಡಿದ್ರು, ನಾನೇ ಕಿತ್ತ ಹಲ್ಲಿಗೆ. ಅವತ್ತಿಂದ ನಮ್ಮವ್ರಿಗೆಲ್ಲ ಬೇರೆ ಥರ ಹೇಳ್ಕೊಡ್ತೀನಿ. ನಿಮ್ಮನ್ನ ಕೇಳ್ಬೇಕು ಅಂತ ನಂಗೆ ಹೊಳೀಲಿಲ್ಲ."

"ದಾರದ್ದು ಕೇಳಿದ್ರಿ, ನೀರಿಂದು ಕೇಳ್ಲಿಲ್ಲ," ಎಂದಳು ನರ್ಸ್.

"ಹೌದಮ್ಮಾ ತಾಯಿ, ನೀನು ನೆನಪಿಸ್ಬೇಕಿತ್ತು."

ಹಳೆಯ ದಾರ ಕತ್ತರಿಸಿ ತೆಗೆದರು. ಮತ್ತೆ ಹತ್ತಿಯ ಜಾಲರಿ, ಮತ್ತೆ ರೇಷ್ಮೆ. ಈ ಸಲ ಗಂಟುಗಳನ್ನು ಒತ್ತೊತ್ತಾಗಿ ಹಾಕಿದರು. ಆದರೂ ಅಂಚಿನಿಂದ ಜಿನುಗುತ್ತಿತ್ತು. ಆಗ ಅವರು ಬಟ್ಟೆ ಇಟ್ಟು, ಒಳಗಿನಿಂದ ಹೆಬ್ಬೆರಳು, ಹೊರಗಿನಿಂದ ದವಡೆಯ ಕೆಳಗೆ ಉಳಿದ ಬೆರಳು ಕೊಟ್ಟು ಒತ್ತಿ ಹಿಡಿದರು. ಹಿಡಿದವರು ಬಿಡಲಿಲ್ಲ. ಹತ್ತಿರದ ಮಸೀದಿಯಲ್ಲಿ ಆಜಾನ್ ಆಯಿತು. ನರ್ಸ್ ಅವರ ಮುಖ ನೋಡಿದಳು. ಅವರು ಕಣ್ಣಿನಲ್ಲೇ ಇರಲಿ ಎಂದರು. ಬೀದಿಯಲ್ಲಿ ತರಕಾರಿಯವರು ಕೂಗುತ್ತಿದ್ದರು. ಅಕ್ಕನ ಬಾಯಿ ತೆರೆದೇ ಇತ್ತು, ಕಣ್ಣು ಮುಚ್ಚಿತ್ತು. ಡಾಕ್ಟರು ಏನನ್ನೋ ಕೇಳಿಸಿಕೊಳ್ಳುವವರ ಹಾಗೆ ತಲೆ ಒಂದು ಪಕ್ಕಕ್ಕೆ ಬಾಗಿಸಿದ್ದರು. ಅವರ ಮುಖದಲ್ಲಿ ಮುಂಚಿನ ತಮಾಷೆ ಇರಲಿಲ್ಲ.

ಬೆರಳು ತೆಗೆದಾಗ ಬಟ್ಟೆಯಲ್ಲಿ ಹೊಸ ರಕ್ತವಿರಲಿಲ್ಲ.

ಅವರು ಒಂದು ಪ್ಲಾಸ್ಟಿಕ್ ಲೋಟದಲ್ಲಿ ನೀರು ತಂದು, ತಾವೇ ಮಾಡಿ ತೋರಿಸಿದರು. ಬಾಯಿಗೆ ನೀರು ತೆಗೆದುಕೊಂಡು, ಕೆನ್ನೆ ಅಲ್ಲಾಡಿಸದೆ, ತಲೆಯನ್ನು ಮಾತ್ರ ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ ವಾಲಿಸಿದರು. ಆಮೇಲೆ ಬೇಸಿನ್ನಿನ ಮೇಲೆ ಬಗ್ಗಿ, ಉಗುಳದೆ, ತುಟಿ ಬಿಟ್ಟರು. ನೀರು ತಾನಾಗಿ ಬಿತ್ತು. "ಇವತ್ತು ಇದೂ ಬೇಡ. ನಾಳೆ ಬೆಳಿಗ್ಗೆಯಿಂದ ಹೀಗೆ. ನಿಮ್ಮ ದೇವ್ರು ಇವತ್ತೊಂದಿನ ಬಿಡ್ತಾರಾ?"

ಅಕ್ಕ ಬಟ್ಟೆ ಕಚ್ಚಿಕೊಂಡೇ, "ಬಿಡ್ತಾರೆ," ಎಂದಳು.

ಆ ಸಂಜೆ ನಮ್ಮ ಮನೆಯಲ್ಲಿ ದೀಪ ಹಚ್ಚಿದ್ದು ನಾನು.

ಮುಂದಿನ ದಿನಗಳಲ್ಲಿ ಅವಳು ಡಾಕ್ಟರು ಹೇಳಿದ ಹಾಗೇ ನಡೆದುಕೊಂಡಳು. ತಣ್ಣಗಾದ ಕಾಫಿಯನ್ನು ಶಿಕ್ಷೆ ಅನುಭವಿಸುವವಳ ಹಾಗೆ ಕುಡಿದು, ಬೇಸಿನ್ನಿನ ಮುಂದೆ ನಿಂತು ತಲೆ ವಾಲಿಸುತ್ತಿದ್ದಳು. ನೀರು ಬೀಳುವವರೆಗೆ ಬಗ್ಗಿಕೊಂಡೇ ಇರುತ್ತಿದ್ದಳು. ದಿನಕ್ಕೊಮ್ಮೆ ನಾನು ಫೋನಿನ ಟಾರ್ಚ್ ಹಾಕಿ ನೋಡಿ ಹೇಳಬೇಕು.

"ಏನ್ ಕಾಣ್ಸುತ್ತೆ?"

"ಊತ ಇಳಿದಿದೆ. ದಾರ ಹಾಗೇ ಇದೆ. ಮಧ್ಯೆ ಬೆಳ್ಳಗೆ ಏನೋ ಇದೆ."

"ಬೆಳ್ಳಗೆ ಅಂದ್ರೆ? ಕೀವಾ?" ಅವಳ ಧ್ವನಿಯಲ್ಲಿ ಇದ್ದದ್ದು ಗಾಬರಿ ಎಂದುಕೊಂಡೆ.

ಚಿತ್ರ ತೆಗೆದು ಡಾಕ್ಟರಿಗೆ ಕಳಿಸಿದೆ. ಅವರೇ ಫೋನ್ ಮಾಡಿದರು. "ಕೀವಲ್ಲ ಮೇಡಂ. ಅದು ಒಳಗಿಂದ ಬರೋ ಪೊರೆ. ಮೈ ತಾನೇ ಹಾಕ್ಕೊಳ್ಳೋ ಪಟ್ಟಿ. ಕೆರ್ದು ತೆಗಿಯೋಕೆ ಹೋಗ್ಬೇಡಿ."

"ಕೀವಲ್ಲಂತೆ," ಎಂದು ಅಕ್ಕನಿಗೆ ಹೇಳಿದೆ. ಅವಳು ಸರಿ ಎಂದು ಎದ್ದು ಒಳಗೆ ಹೋದಳು. ಸಂತೋಷ ಪಟ್ಟ ಹಾಗೆ ಕಾಣಲಿಲ್ಲ.

ಆ ವಾರದಲ್ಲೇ ಒಂದು ಮಧ್ಯಾಹ್ನ, ಕೇಳದಿದ್ದರೂ, ಕಚೇರಿಯ ಮಾತು ತೆಗೆದಳು. ಅವಳ ಪಕ್ಕದ ಮೇಜಿನಲ್ಲಿ ಒಬ್ಬರು ಕೂರುತ್ತಿದ್ದರು. ಎದೆಯ ಆಪರೇಷನ್ ಎಂದು ರಜೆ ಹಾಕಿ ಹೋದರು. ಹೋಗುವ ಮುಂಚೆ ಮೇಜಿನ ಮೇಲಿದ್ದ ಕನ್ನಡಕದ ಡಬ್ಬಿಯನ್ನು ಇವಳ ಕೈಗೆ ಕೊಟ್ಟು, ಬಂದ ಮೇಲೆ ತೆಗೆದುಕೊಳ್ಳುತ್ತೇನೆ ಎಂದಿದ್ದರಂತೆ. ಅವರು ಬರಲಿಲ್ಲ. ಡಬ್ಬಿಯನ್ನು ಅವರ ಮನೆಗೆ ತಲುಪಿಸಿದವಳು ಅಕ್ಕ.

"ಅದು ಎಷ್ಟೋ ವರ್ಷದ ಹಿಂದಿನ ಮಾತಲ್ವೇನೇ ಅಕ್ಕ. ಈಗ ಎಲ್ಲಾ ಬೇರೆ."

"ಬೇರೆ ಅಂತ ನೀನು ಪೇಪರಲ್ಲಿ ಓದಿರ್ತೀಯ," ಎಂದಳು. ಹೃದಯ ಸೋತಂತೆ ಕಾಲಿಗೆ ಇಳಿಯುವ ನೀರಿನ ಊತ ಆಗಲೇ ಅವಳ ಹಿಮ್ಮಡಿಯಿಂದ ಮೇಲಕ್ಕೆ ಬಂದಿತ್ತು. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಎರಡು ದಿಂಬು ಸಾಲದೆ ಮೂರಾಗಿತ್ತು.

ವಾರ ಕಳೆದು ಹೊಲಿಗೆ ತೆಗೆಸಲು ಹೋದೆವು. ಸಣ್ಣ ಕತ್ತರಿಯಲ್ಲಿ ದಾರ ಕತ್ತರಿಸಿ ಎಳೆದರು. ಕರಿಯ ಎಳೆಗಳು ಬಟ್ಟೆಯ ಮೇಲೆ ಇರುವೆಗಳ ಹಾಗೆ ಬಿದ್ದಿದ್ದವು. ಗುಳಿಯ ಬಾಯಿ ಕಿರಿದಾಗಿತ್ತು, ಆದರೆ ಇತ್ತು. "ಇನ್ನೂ ಸ್ವಲ್ಪ ದಿನ ಆಗ್ಲಿ, ಇನ್ನೊಂದ್ಸಲ ನೋಡೋಣ," ಎಂದರು. ಅಂದು ಕೆಳಗೆ ಇಳಿದ ಮೇಲೆ ಅಕ್ಕ ರಸೆಲ್ ಮಾರ್ಕೆಟ್ಟಿನ ಕಡೆ ಹೋಗೋಣ ಎಂದಳು. ಹೂವು ಕೊಂಡಳು. ಬೆಲೆ ಕೇಳಿ ಚೌಕಾಸಿ ಮಾಡಿದಳು. ಮೊದಲ ದಿನ ಮೆಟ್ರೋದಲ್ಲಿದ್ದ ಆ ಹಗುರ ಮತ್ತೆ ಬಂದಿತ್ತು. ಆಗ ನನಗೆ ಅರ್ಥವಾಗಲು ಶುರುವಾಯಿತು. ಗಾಯ ಮುಚ್ಚಲಿ ಎಂದು ನಾನು ಕಾಯುತ್ತಿದ್ದೆ. ಅವಳು ಕಾಯುತ್ತಿದ್ದದ್ದು ಅದಕ್ಕಲ್ಲ. ಕರಗುವ ದಾರ ಇರುವಾಗ ಮತ್ತೆ ಬಂದು ತೆಗೆಸಬೇಕಾದ ದಾರವನ್ನೇ ಅವಳು ಆರಿಸಿಕೊಂಡದ್ದರಲ್ಲಿ ಮಡಿಯ ಪಾಲು ಎಷ್ಟು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವಳಿಗೂ ಖಚಿತವಾಗಿ ಗೊತ್ತಿರುತ್ತಿತ್ತೋ ಇಲ್ಲವೋ.

ಕೊನೆಯ ಸಲ ಹೋದಾಗ ಕ್ಲಿನಿಕ್ಕಿನಲ್ಲಿ ಜನ ಕಡಿಮೆ ಇತ್ತು. ಡಾಕ್ಟರು ಬೆರಳಿನಿಂದ ಒಸಡನ್ನು ಒತ್ತಿ ನೋಡಿದರು, ಎಕ್ಸ್‌ರೇ ತೆಗೆದು ನೋಡಿದರು. "ಮುಚ್ಚಿದೆ ಅಮ್ಮಾ. ಚೆನ್ನಾಗಿ ಮುಚ್ಚಿದೆ. ಕೀವಿಲ್ಲ, ಕೆಂಪಿಲ್ಲ," ಎಂದು ಕೈಗವಸು ತೆಗೆದರು. "ಈಗ್ಲೇ ಅವ್ರಿಗೆ ಫೋನ್ ಮಾಡ್ಬಿಡ್ತೀನಿ."

"ಒಳಗೆ ಮೂಳೆ ಕೂಡಿದ್ಯಾ?" ಎಂದು ಅಕ್ಕ ಕೇಳಿದಳು.

"ಮೂಳೆ ತುಂಬೋಕೆ ತಿಂಗಳುಗಟ್ಲೆ ಆಗುತ್ತೆ. ಅದು ಎಲ್ಲಾರಿಗೂ ಹಾಗೇ."

"ಹಾಗಾದ್ರೆ ಪೂರ್ತಿ ಗುಣ ಆಗಿಲ್ಲ."

ಡಾಕ್ಟರು ಅವಳನ್ನು ನೋಡಿದರು.

"ಪೂರ್ತಿ ಆಗಿಲ್ಲ ಅಂತಾನೇ ಅವ್ರಿಗೆ ಹೇಳಿ," ಎಂದಳು ಅಕ್ಕ. "ಸುಳ್ಳಲ್ವಲ್ಲ. ಮೂಳೆ ಕೂಡ್ಲಿ, ಆಮೇಲೆ ನೋಡೋಣ ಅಂತ ಹೇಳಿ."

ನರ್ಸ್ ಕೈಯಲ್ಲಿದ್ದ ಟ್ರೇ ಹಿಡಿದು ಹೊರಗೆ ಹೋದಳು. ನಾನು ಬಾಯಿ ತೆರೆದೆ. ಡಾಕ್ಟರು ಬೇಡ ಎನ್ನುವಂತೆ ಕೈ ಸ್ವಲ್ಪ ಎತ್ತಿದರು. ಸ್ಟೂಲನ್ನು ಎಳೆದು ಅವಳ ಕುರ್ಚಿಯ ಮಟ್ಟಕ್ಕೆ ಕೂತರು.

"ಅಮ್ಮಾ, ಅವತ್ತು ಸಂಜೆ ನಿಮ್ಮ ದವಡೆ ಒತ್ಕೊಂಡು ಕೂತಿದ್ನಲ್ಲ. ಇಲ್ಲಿ, ದವಡೆ ಕೆಳ್ಗೆ, ನಾಡಿ ಸಿಗುತ್ತೆ. ಅಷ್ಟು ಹೊತ್ತೂ ಅದು ನನ್ನ ಬೆರಳಿಗೆ ಬಡೀತಾ ಇತ್ತು. ಒಂದೇ ಸಮ ಇರ್ಲಿಲ್ಲ. ಎರಡು ಬಡಿದು ನಿಲ್ತಿತ್ತು, ಆಮೇಲೆ ಓಡ್ತಿತ್ತು. ಮತ್ತೆ ನಿಲ್ತಿತ್ತು. ನಾನು ರಕ್ತ ನಿಲ್ಸೋಕೆ ಕೂತಿದ್ದೆ, ಆದ್ರೆ ಕಾಯ್ತಾ ಇದ್ದಿದ್ದು ಮುಂದಿನ ಬಡಿತಕ್ಕೆ."

ಅಕ್ಕನ ಬೆರಳು ತನ್ನ ದವಡೆಯ ಕೆಳಗೆ ಹೋಯಿತು.

"ಹೃದಯ ನನ್ನ ಕೆಲ್ಸ ಅಲ್ಲ. ನಾನು ಹಲ್ಲಿನವನು. ಆದ್ರೆ ಆ ನಾಡಿ ಮುಟ್ಟಿದ ಮೇಲೆ, ಮೂಳೆ ಕೂಡೋವರ್ಗೂ ಕಾಯಿರಿ ಅಂತ ನನ್ನ ಬಾಯಲ್ಲಿ ಬರಲ್ಲ."

"ಹೋದೋರು ವಾಪಸ್ ಬರ್ದೇ ಇರೋದನ್ನ ನಾನು ನೋಡಿದೀನಿ," ಎಂದಳು ಅಕ್ಕ.

"ನೋಡಿರ್ತೀರ. ನಾನೂ ನೋಡಿದೀನಿ. ಏನೂ ಆಗಲ್ಲ ಅಂತ ನಾನು ಹೇಳಲ್ಲ. ಹೋಗ್ದೇ ಇದ್ರೆ ಏನಾಗುತ್ತೆ ಅನ್ನೋದನ್ನ ನಿಮ್ಮ ಕಾಲು ನಿಮಗೇ ಹೇಳ್ತಿದೆ."

ಅಕ್ಕ ತನ್ನ ಕಾಲು ನೋಡಿಕೊಂಡಳು. ಚಪ್ಪಲಿಯ ಪಟ್ಟಿ ಊದಿದ ಪಾದದಲ್ಲಿ ಹುದುಗಿತ್ತು. ಪಕ್ಕದಲ್ಲಿ ನಿಂತಿದ್ದ ನನ್ನನ್ನು ನೋಡಲಿಲ್ಲ. ಕೆಳಗಿನ ಬಟ್ಟೆ ಅಂಗಡಿಯಲ್ಲಿ ಯಾರೋ ಥಾನು ಬಿಚ್ಚಿ ಬಡಿಯುವ ಸದ್ದು ಬರುತ್ತಿತ್ತು. ನನಗೆ ಹೇಳಬೇಕಾದ ಮಾತುಗಳು ಬೇಕಾದಷ್ಟಿದ್ದವು. ಎಲ್ಲವೂ ಅವರು ಹೇಳಿದ್ದಕ್ಕಿಂತ ಉದ್ದವಾಗಿದ್ದವು.

ಡಾಕ್ಟರು ಮೇಜಿನ ಮೇಲಿದ್ದ ಫೋನಿಗೆ ಕೈ ಚಾಚಿದರು.

"ನೀವು ಮಾಡ್ಬೇಡಿ," ಎಂದಳು ಅಕ್ಕ.

ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

"ನಾನೇ ಮಾಡ್ತೀನಿ. ನನ್ನ ಎದೆ ಕೊಯ್ಯೋಕೆ ದಿನ ಕೇಳೋದು ಬೇರೆಯವ್ರು ಯಾಕೆ." ಚೀಲದಿಂದ ತನ್ನ ಫೋನು ತೆಗೆದು ನನ್ನ ಕಡೆ ಚಾಚಿದಳು. "ನಂಬರ್ ಒತ್ಕೊಡೇ."

ಒತ್ತಿಕೊಟ್ಟೆ. ಮೊದಲು ಆಸ್ಪತ್ರೆಯ ಸ್ವಾಗತದವರು, ಆಮೇಲೆ ಕಾಯಿಸುವ ಸಂಗೀತ, ಆಮೇಲೆ ಇನ್ಯಾರೋ. ಅಕ್ಕ ಹಲ್ಲಿನ ಕುರ್ಚಿಯಲ್ಲಿ ನೆಟ್ಟಗೆ ಕೂತು, ಕಚೇರಿಯಲ್ಲಿ ಪಾಲಿಸಿದಾರರ ಜೊತೆ ಮಾತಾಡುವಾಗಿನ ಧ್ವನಿಯಲ್ಲಿ, ತನ್ನ ಹೆಸರು, ವಯಸ್ಸು, ಕಾಯಿಲೆ ಹೇಳಿದಳು. ಆ ಕಡೆಯಿಂದ ಏನೋ ಕೇಳಿದರು.

"ಹೌದು, ಹಲ್ಲಿನ ಗಾಯದ ಬಗ್ಗೆನೇ," ಎಂದಳು. ಡಾಕ್ಟರ ಮುಖ ನೋಡಿದಳು. ಅವರು ತಲೆ ಆಡಿಸಲಿಲ್ಲ. ಅವಳು ಒಂದು ಸಲ ಉಸಿರು ತೆಗೆದುಕೊಂಡಳು.

"ಮುಚ್ಚಿದೆ," ಎಂದಳು. "ಪೂರ್ತಿ ಮುಚ್ಚಿದೆ. ಡಾಕ್ಟ್ರು ಇಲ್ಲೇ ಎದುರಿಗಿದ್ದಾರೆ, ಬೇಕಾದ್ರೆ ಕೊಡ್ತೀನಿ ಮಾತಾಡಿ. ನಾನು ಯಾವತ್ತು ಬಂದು ಅಡ್ಮಿಟ್ ಆಗ್ಬೇಕು, ಹೇಳಿ."